ಓಣಿಯ ತಿರುವಿನಲ್ಲಿ ಒಂದು ಕೋಣೆ

ಗ್ರಾಮಸಭೆಯಲ್ಲಿ ನಾವು ಅಂಗಳದಲ್ಲಿ ಕಟ್ಟಬೇಕೆಂದಿದ್ದ ಕೋಣೆಯ ವಿಷಯ ಬಂದಾಗ ಮೊದಲು ಎದ್ದು ನಿಂತವರು ನಮ್ಮ ಎದುರು ಮನೆಯವರು, ನನ್ನ ಗಂಡನ ಬಾಲ್ಯದ ಗೆಳೆಯರು. ಸದ್ಯ, ಒಳ್ಳೆಯ ಬಾಯಿಂದಲೇ ಶುರುವಾಗುತ್ತಿದೆ ಎಂದು ನನಗೆ ಸಮಾಧಾನವಾಯಿತು. ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ನನ್ನ ಕಡೆ ನೋಡದೆ, ಮರಾಠಿಯಲ್ಲಿ "ಹರಕತ್ ಆಹೆ" ಎಂದರು. ಆಕ್ಷೇಪ ಇದೆ ಎಂದು ಅರ್ಥ. ಅಷ್ಟು ಹೇಳಿ ಕುಳಿತುಬಿಟ್ಟರು. ಅವರ ಹಿಂದೆ ಓಣಿಯ ಗಂಡಸರು ಒಬ್ಬೊಬ್ಬರಾಗಿ ಎದ್ದು ಅದನ್ನೇ ಹೇಳಿ ಕುಳಿತರು.

ನನ್ನದು ಹೆದರುವ ಜೀವ. ಹೆದರಿದರೆ ಕೆಲವರಿಗೆ ಬಾಯಿ ಒಣಗುತ್ತದೆ, ನನಗೆ ಬಾಯಿ ಜೋರಾಗುತ್ತದೆ. ಮರಾಠಿ ಸರಕಾರಕ್ಕೆ ಸೇರಿದ ನಮ್ಮ ಜತ್ತ ತಾಲೂಕಿನ ಈ ಅಂಚಿನಲ್ಲಿ ಹೊಲ, ಮನೆ, ಜಗಳ ಎಲ್ಲ ಕನ್ನಡದಲ್ಲಿ ನಡೆಯುತ್ತವೆ, ಕಚೇರಿಯ ಮಾತು ಮಾತ್ರ ಮರಾಠಿ. ಮುಖಕ್ಕೆ ಮುಖ ಕೊಟ್ಟು ಕನ್ನಡದಲ್ಲಿ ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಮನೆಯ ಮಂದಿ ಕಚೇರಿಯ ಭಾಷೆ ಆಡಿದ್ದಕ್ಕೇ ಹೆದರಿದೆ.

"ಯಾಕ ಹರಕತ್ತು ಅನ್ನೂದು ಕನ್ನಡದಾಗ ಹೇಳ್ರಿ ಅಣ್ಣಾರ," ಎಂದು ಎದುರು ಮನೆಯವರಿಗೆ ಹೆಂಗಸರ ಸಾಲಿನಿಂದಲೇ ಕೂಗಿದೆ.

ನನ್ನನ್ನು ಅತ್ತಿಗೆ ಎನ್ನುವ ಅವರು ನೆಲ ನೋಡುತ್ತ ಹೇಳಿದರು. "ಜ್ವಾಳದ ಕಣಿಕಿ ಹೇರಿದ ಟ್ರ್ಯಾಕ್ಟರ್ ಆ ಮೂಲ್ಯಾಗ ಹೊಳ್ಳೂದಿಲ್ಲ ವೈನಿ. ಬ್ಯಾಸಗಿಗೆ ನೀರಿನ ಟ್ಯಾಂಕರ್ ಒಳಗ ಬರಬೇಕು. ಮತ್ತ ಸಂಡಾಸದ ನೀರು ಓಣ್ಯಾಗ ಹರಿತೈತಿ."

ಬೇರೆ ಜಿಲ್ಲೆಯಿಂದ ಬಂದಿದ್ದ ಗ್ರಾಮಸೇವಕರು ಕನ್ನಡ ಅರ್ಥವಾಗದೆ ಆಚೆ ಈಚೆ ನೋಡಿದರು. ಕೊನೆಗೆ, ನಿಯಮ ನಿಯಮವೇ, ಆದರೆ ಮನೆಯಲ್ಲಿ ಕಾಯಿಲೆ ಇದ್ದರೆ ನೋಡಬೇಕಾಗುತ್ತದೆ, ಓಣಿಯವರು ಒಪ್ಪಿದರೆ ಮುಂದಿನ ಸಭೆಯಲ್ಲಿ ವಿಚಾರ ಮಾಡೋಣ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಸರಕಾರ ಇವರಿಗೆ ಕಲಿಸಿಯೇ ಕಳಿಸಿರುತ್ತದೆ. ನಾನು ಸೆರಗು ಬಿಗಿದು ಮನೆಗೆ ಬಂದೆ.

ನಮ್ಮ ಮನೆ ಓಣಿಯ ತಿರುವಿನಲ್ಲಿದೆ. ಹಳೆಯ ಕಲ್ಲಿನ ಮನೆ, ಎತ್ತರದ ಬುನಾದಿ. ಬಾಗಿಲಿಗೆ ಹೋಗಬೇಕಾದರೆ ಅಂಗಳದಿಂದ ಮೆಟ್ಟಿಲು ಹತ್ತಬೇಕು, ಹಿಂದಿನ ಪಾಯಿಖಾನೆಗೆ ಹೋಗಬೇಕಾದರೆ ಮೆಟ್ಟಿಲು ಇಳಿಯಬೇಕು. ಮುಂದಿನ ಪಡಸಾಲೆಯಲ್ಲಿ ಹಿಟ್ಟಿನ ಗಿರಣಿ ಇದೆ, ಅದನ್ನು ನಡೆಸುವವಳು ನಾನು. ಪಾಯಿಖಾನೆಯ ಆಚೆಯ ಹಿತ್ತಲೆಲ್ಲ ಪಾಲಿನಲ್ಲಿ ಮೈದುನನಿಗೆ ಹೋಗಿ ಅಲ್ಲಿ ಅವನ ಗೋಡೆ ಎದ್ದಿದೆ. ಕಟ್ಟಲು ನಮಗೆ ಉಳಿದದ್ದು ಮುಂದಿನ ಅಂಗಳವೊಂದೇ. ಅಂಗಳ ನಮ್ಮದೇ, ಆದರೆ ಓಣಿಯ ಅಂಚಿನಿಂದ ಇಷ್ಟು ಜಾಗ ಬಿಟ್ಟೇ ಕಟ್ಟಬೇಕೆಂಬ ನಿಯಮ ಈಗ ಹಳ್ಳಿಗೂ ಬಂದಿದೆ. ನಿಯಮದ ಪ್ರಕಾರ ಬಿಟ್ಟರೆ ಅಲ್ಲಿ ಕೋಳಿಗೂಡು ಕಟ್ಟಬಹುದು. ಆದ್ದರಿಂದ ನಿಯಮ ಸಡಿಲಿಸಿ ಪರವಾನಗಿ ಕೊಡಿ ಎಂದು ಕೇಳಿದ್ದೆ.

ಕೋಣೆ ಬೇಕಾಗಿದ್ದುದು ನಮ್ಮ ಮನೆಯವರಿಗೆ. ಅವರು ಉಮದಿಯ ಸಂತೆಯಲ್ಲಿ ದನದ ದಲ್ಲಾಳಿಯಾಗಿದ್ದರು, ಬಾಯಿಯಿಂದಲೇ ಬದುಕಿದವರು. ಕೊಳ್ಳುವವನನ್ನೂ ಮಾರುವವನನ್ನೂ ಒಟ್ಟಿಗೆ ನಗಿಸಿ ವ್ಯವಹಾರ ಮುಗಿಸುತ್ತಿದ್ದರು. ಹೋದ ವರ್ಷ ಲಕವಾ ಹೊಡೆದು ಎಡಗೈ ಎಡಗಾಲು ಬಿದ್ದವು, ಮಾತು ತಡೆದು ತಡೆದು ಬರತೊಡಗಿತು. ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರು, ದಿನಾ ನಡೆಸಬೇಕು, ಆದರೆ ಬೀಳಗೊಡಬಾರದು, ಮತ್ತೊಮ್ಮೆ ಬಿದ್ದರೆ ನಾವು ಏನೂ ಹೇಳಲಾರೆವು ಎಂದಿದ್ದರು. ಮೆಟ್ಟಿಲ ಮನೆಯಲ್ಲಿ ಬೀಳದೆ ನಡೆಸುವುದು ಹೇಗೆ? ನೆಲದ ಮಟ್ಟಕ್ಕೆ ಒಂದು ಕೋಣೆ, ಅದಕ್ಕೆ ಹತ್ತಿದ ಪಾಯಿಖಾನೆ, ಹಿಡಿದು ನಡೆಯಲು ಒಂದು ಗೋಡೆ, ಓಣಿ ನೋಡಲು ಒಂದು ಕಿಟಕಿ. ಅಷ್ಟಾದರೆ ಅವರು ತಮ್ಮ ಕೆಲಸ ತಾವು ಮಾಡಿಕೊಳ್ಳಬಹುದಿತ್ತು.

ಅಲ್ಲಿಯವರೆಗೆ ಅವರನ್ನು ಬೆಳಗ್ಗೆ ಸಂಜೆ ಎತ್ತಿ ಹಿಂದಿನ ಮೆಟ್ಟಿಲು ಇಳಿಸುತ್ತಿದ್ದವರು ಯಾರು ಅಂದರೆ, ಇದೇ ಹರಕತ್ತಿನ ಅಣ್ಣಾರು. ಎಮ್ಮೆ ಹಿಂಡಿ, ಕೈ ತೊಳೆದು, "ನಡಿ ಲೇ ಸಾಹುಕಾರ, ಮೆರವಣಿಗಿ ಹೊಂಡೂಣು" ಎನ್ನುತ್ತ ಬರುತ್ತಿದ್ದರು. ಗಂಡಸು ಗಂಡಸನ್ನು ಪಾಯಿಖಾನೆಗೆ ಹೊತ್ತೊಯ್ಯುವುದು ಸಣ್ಣ ಮಾತಲ್ಲ. ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಸಭೆಯ ಮರುದಿನವೂ ಹೊತ್ತಿಗೆ ಸರಿಯಾಗಿ ಬಂದರು, ಎತ್ತಿದರು, ಇಳಿಸಿದರು, ಹೋದರು. ಆದರೆ ಸಾಹುಕಾರ ಅನ್ನಲಿಲ್ಲ, ಮೆರವಣಿಗೆ ಅನ್ನಲಿಲ್ಲ. ನಾನು ಕೊಟ್ಟ ಚಹಾ ಮಾತ್ರ ಕುಡಿದರು.

ಹರಕತ್ತುಗಳನ್ನು ಒಂದೊಂದಾಗಿ ಮುರಿಯಲು ಹೊರಟೆ. ಸಂಡಾಸದ ನೀರಿಗೆ ಅಂಗಳದಲ್ಲೇ ಇಂಗುಗುಂಡಿ ತೋಡಿಸುತ್ತೇನೆಂದು ಮನೆಮನೆಗೆ ಹೋಗಿ ಹೇಳಿಬಂದೆ. ಆಮೇಲೆ ವಳಸಂಗದ ನನ್ನ ತವರಿನಿಂದ ಅಣ್ಣನ ಟ್ರ್ಯಾಕ್ಟರ್ ತರಿಸಿದೆ, ಟ್ರಾಲಿಯ ಮೇಲೆ ತುಂಬ ಕಣಿಕೆ ಹೇರಿಸಿಕೊಂಡೇ ಬಾ ಎಂದು ಹೇಳಿದ್ದೆ. ಕೋಣೆಯ ಗೋಡೆ ಬರುವಲ್ಲಿ ಸುಣ್ಣದ ಗೆರೆ ಎಳೆದು, ಗೆರೆಯ ಮೇಲೆ ಡಬ್ಬಿ, ಬುಟ್ಟಿ, ಹಳೆಯ ಗಿರಣಿ ಕಲ್ಲು ಇಟ್ಟೆ. ಓಣಿಯವರೆಲ್ಲ ನೋಡಲು ನಿಂತರು. ನನ್ನ ಅಣ್ಣ ಹಿಂದೆ ಮುಂದೆ ಮಾಡುತ್ತ, ಕಣಿಕೆ ಎರಡೂ ಕಡೆ ಸವರಿಕೊಂಡು ಹೋದರೂ, ಒಂದು ಬುಟ್ಟಿಯನ್ನೂ ಬೀಳಿಸದೆ ಟ್ರ್ಯಾಕ್ಟರ್ ಹೊರಳಿಸಿದ.

"ಹೊಳ್ಳಿತೋ ಇಲ್ಲೋ?" ಎಂದೆ, ಸೊಂಟದ ಮೇಲೆ ಕೈಯಿಟ್ಟು.

ಎದುರು ಮನೆಯ ಅಣ್ಣಾರು ಟ್ರ್ಯಾಕ್ಟರನ್ನು ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ಸುಣ್ಣದ ಗೆರೆಯ ಮೂಲೆಯ ಮೇಲೆ ಇತ್ತು, ಬಲಗೈ ಸುಮ್ಮನೆ ಎಡ ಹೆಗಲನ್ನು ತಿಕ್ಕುತ್ತಿತ್ತು. "ಹೊಳ್ಳಿತ್ರಿ ವೈನಿ," ಎಂದರು ಕೊನೆಗೆ. "ಆದ್ರೂ ಬ್ಯಾಡ್ರಿ."

"ಆದ್ರೂ ಬ್ಯಾಡಂದ್ರ ಏನ್ರಿ? ಕಾರಣ ಬ್ಯಾಡೇನು?"

ಅವರು ಎಮ್ಮೆಗೆ ನೀರು ತೋರಿಸಲು ಹೋದರು. ಮಂದಿ ಕರಗಿತು.

ಗೆದ್ದ ಮೇಲೆ ಬರುವ ಹೆದರಿಕೆ ಸೋತಾಗಿನದಕ್ಕಿಂತ ಕೆಟ್ಟದ್ದು. ಕಾರಣ ಮುರಿದರೂ ಆಕ್ಷೇಪ ನಿಂತೇ ಇದೆ ಎಂದರೆ ಒಳಗೆ ಬೇರೆ ಏನೋ ಇದೆ. ನಾನು ಗಿರಣಿಯ ಮುಂದೆ ನಿಂತು ಜೋಳ ಸುರಿಯುತ್ತ ಏನೇನೋ ಲೆಕ್ಕ ಹಾಕಿದೆ. ಅಂಗಳದ ಮೇಲೆ ಯಾರಿಗೋ ಕಣ್ಣಿದೆ. ಮೈದುನ ಓಣಿಯವರ ಕಿವಿ ಊದಿದ್ದಾನೆ. ನಮ್ಮ ಮನೆಯವರ ಕಾಲ ಮುಗಿಯಿತು, ಇನ್ನು ಈ ಹೆಂಗಸಿಗೆ ಯಾಕೆ ಮರ್ಯಾದೆ ಎಂದುಕೊಂಡಿದ್ದಾರೆ. ಹುಬ್ಬು, ತುಟಿ, ಕೆಮ್ಮು ಎಲ್ಲದರಲ್ಲೂ ಅರ್ಥ ಹುಡುಕತೊಡಗಿದೆ. ಹಿಟ್ಟು ಒಮ್ಮೆ ತರಿಯಾಯಿತು, ಒಮ್ಮೆ ಸುಟ್ಟ ವಾಸನೆ ಬಂತು. ಗಿರಾಕಿಗಳು ಏನೂ ಅನ್ನದೆ ಒಯ್ದರು. ಅದು ಇನ್ನೂ ಸಂಶಯ ಹುಟ್ಟಿಸಿತು, ಯಾಕೆಂದರೆ ನಮ್ಮ ಓಣಿಯ ಹೆಂಗಸರು ಹಿಟ್ಟಿನ ವಿಷಯದಲ್ಲಿ ದೇವರನ್ನೂ ಬಿಡುವವರಲ್ಲ.

ತಮಾಷೆ ಎಂದರೆ, ಹರಕತ್ತು ಹಾಕಿದವರೆಲ್ಲ ಜೋಳ ಬೀಸಿಸಲು ನನ್ನ ಹತ್ತಿರವೇ ಬರುತ್ತಿದ್ದರು. ಓಣಿಯ ತುದಿಮನೆಯ ಅಕ್ಕ ಬಂದಾಗ ನನಗೆ ತಡೆಯಲಾಗಲಿಲ್ಲ. ಅವಳ ಅತ್ತೆ ಹಣ್ಣು ಹಣ್ಣು ಮುದುಕಿ, ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು, ಅವರ ಗಂಜಿಗೆಂದು ಹಿಟ್ಟು ನುಣ್ಣಗೆ ಬೇಕಾಗುತ್ತಿತ್ತು. ನಾನು ಅರ್ಧ ಜೋಳ ಬೀಸಿ ಮೋಟಾರು ಬಂದ್ ಮಾಡಿದೆ.

"ಖರೇ ಕಾರಣ ಹೇಳಿದ್ರ ಉಳದದ್ದು ಬೀಸ್ತೀನಿ," ಎಂದೆ.

ಅವಳು ಗಾಬರಿಯಾಗಿ ಒಳಗೆ ನೋಡಿದಳು. ಒಳಗೆ ಮಂಚದ ಮೇಲೆ ನಮ್ಮ ಮನೆಯವರು ಕುಳಿತಿದ್ದರು. "ಯಕ್ಕಾ, ನಿನ್ನ ಕಾಲಿಗಿ ಬೀಳ್ತೀನಿ, ಕೇಳಬ್ಯಾಡ. ಬಾಯಿಲೆ ಅನ್ನೂ ಅಂಥಾದ್ದಲ್ಲ ಅದು."

"ಅನ್ನೂ ಅಂಥಾದ್ದಲ್ಲಂದ್ರ ಮಾಡೂ ಅಂಥಾದ್ದು ಹ್ಯಾಂಗಾತು?"

ಅವಳ ಕಣ್ಣಲ್ಲಿ ನೀರು ಬಂತು. ಬೀಸದ ಜೋಳ, ಬೀಸಿದ ಹಿಟ್ಟು ಎರಡನ್ನೂ ಒಂದೇ ಬುಟ್ಟಿಯಲ್ಲಿ ಸುರಿದುಕೊಂಡು ಹೋಗಿಬಿಟ್ಟಳು. ಹಿಟ್ಟಿನಲ್ಲಿ ಕಾಳು ಬೆರೆಸಿಕೊಂಡು ಹೋಗುವ ಹೆಂಗಸನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಕೋಪ ಇಳಿದು ಬರಿಯ ಅಂಜಿಕೆ ಉಳಿಯಿತು.

ಮರುದಿನ ಬೆಳಗ್ಗೆ ಎದುರು ಮನೆಯ ಅಣ್ಣಾರು ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ. "ನಾಳಿಂದ ಬರಬ್ಯಾಡ್ರಿ. ನೀವು ಹೊರೂದೂ ಬ್ಯಾಡ, ನಿಮ್ಮ ಋಣಾನೂ ಬ್ಯಾಡ. ನನ್ನ ಗಂಡನ್ನ ನಾ ಇಳಸ್ತೀನಿ."

"ವೈನಿ, ಸಿಟ್ಟು ನನ್ನ ಮ್ಯಾಲ ಇರ್ಲಿ. ಅಂವನ್ನ ಬೀಳಿಸಬ್ಯಾಡ್ರಿ," ಎಂದು ಅವರು ಅಂದದ್ದು ನನಗೆ ಕೇಳಿತು. ಆದರೂ ಬಾಗಿಲು ಮುಚ್ಚಿದೆ.

ಮುಚ್ಚಿದ್ದೇನೋ ಆಯಿತು. ಮಂಚದಿಂದ ಹಿಂದಿನ ಬಾಗಿಲವರೆಗೆ ಅವರನ್ನು ಹೇಗೋ ತಂದೆ. ಮೊದಲ ಮೆಟ್ಟಿಲಲ್ಲಿ ಅವರ ಭಾರವೆಲ್ಲ ನನ್ನ ಮೇಲೆ ಬಂತು, ನನ್ನ ಕಾಲಿಗೆ ಸೀರೆ ಸಿಕ್ಕಿತು. ಇಬ್ಬರೂ ಜಾರಿ ಗೋಡೆಗೆ ಒರಗಿ ಕುಳಿತೆವು. ಬಿದ್ದೆವು ಅನ್ನಲಾರೆ, ಆದರೆ ಅವರ ಮೊಣಕಾಲು ಕೆತ್ತಿ ರಕ್ತ ಬಂತು, ಪಂಚೆ ಒದ್ದೆಯಾಯಿತು. ಅವರು ನನ್ನನ್ನು ಬೈಯಲಿಲ್ಲ. ಮುಖ ಆಚೆ ತಿರುಗಿಸಿಕೊಂಡರು. ಆ ಮುಖ ನೋಡಿದ್ದಕ್ಕಿಂತ ನಾನೇ ಬಿದ್ದು ತಲೆ ಒಡೆದುಕೊಂಡಿದ್ದರೆ ಚೆನ್ನಾಗಿತ್ತು ಅನಿಸಿತು. ನನ್ನ ಕೂಗು ಕೇಳಿ ಅಣ್ಣಾರು ಮೈದುನನ ಗೋಡೆ ಹತ್ತಿ ಹಾರಿ ಬಂದರು. ಎತ್ತಿದರು, ತೊಳೆದರು, ಒಣ ಪಂಚೆ ಉಡಿಸಿದರು. ನಾನು ಮೆಟ್ಟಿಲ ಮೇಲೆ ಕುಳಿತೇ ಇದ್ದೆ.

ಅದೇ ದಿನ ಮಧ್ಯಾಹ್ನ ಲೈಟ್ ಹೋಗಿ ಗಿರಣಿ ನಿಂತಿತ್ತು. ನಮ್ಮ ಮನೆಯವರು ಹತ್ತಿರ ಕರೆದರು.

"ಟ್ರ್ಯಾಕ್ಟರ್ ಅಲ್ಲ," ಎಂದರು. ಸ್ವಲ್ಪ ಹೊತ್ತು ಬಾಯಿ ಕೂಡಿಸಿಕೊಂಡು, "ವಿಮಾನ," ಎಂದರು.

ತಲೆಗೆ ಏನೋ ಆಯಿತು, ಎರಡನೆಯ ಸಲ ಲಕವಾ ಹೊಡೆಯಿತು ಎಂದೇ ತಿಳಿದೆ. ಅವರು ಬಲಗೈಯನ್ನು ಹೆಗಲ ಮೇಲೆ ಇಟ್ಟು ಹೊರುವ ಹಾಗೆ ತೋರಿಸಿದಾಗ ತಿಳಿಯಿತು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂರಿಸುತ್ತಾರೆ. ಬಿದಿರಿನ ಚೌಕಟ್ಟು ಕಟ್ಟಿ, ಮೇಲೆ ಗೋಪುರ ಮಾಡಿ, ಸೀರೆ, ಬಾಳೆಕಂಬ, ಹೂವುಗಳಿಂದ ಸಿಂಗರಿಸಿ, ಅದರೊಳಗೆ ಕೂರಿಸಿ ಉದ್ದನೆಯ ಗಳಗಳ ಮೇಲೆ ಹೆಗಲು ಕೊಟ್ಟು ಹೊರುತ್ತಾರೆ. ಅದಕ್ಕೆ ವಿಮಾನ ಎನ್ನುತ್ತೇವೆ. ಸಮಾಧಿಯೊಳಗೂ ಕುಳಿತೇ ಇರುವುದು. ಟ್ರ್ಯಾಕ್ಟರನ್ನು ಹಿಂದೆ ಮುಂದೆ ಮಾಡಿ ಹೊರಳಿಸಬಹುದು. ವಿಮಾನ ಮನೆ ಬಿಟ್ಟ ಮೇಲೆ ಹಿಂದಕ್ಕೆ ಒಂದು ಹೆಜ್ಜೆ ಇಡುವಂತಿಲ್ಲ, ವಾಲುವಂತಿಲ್ಲ, ನಡುವೆ ನೆಲಕ್ಕೆ ಇಳಿಸುವಂತಿಲ್ಲ. ನಮ್ಮ ತಿರುವಿನಲ್ಲಿ ಅದು ಹೊರಳಬೇಕಾದರೆ ಒಂದು ಕಡೆಯ ಹೊರುವವರು ನಮ್ಮ ಅಂಗಳದೊಳಗೆ ಹೆಜ್ಜೆ ಹಾಕಲೇಬೇಕು.

ಮದುವೆಯಾಗಿ ಬಂದಾಗಿನಿಂದ ನಾನು ನೋಡುತ್ತ ಬಂದಿದ್ದೆ. ಓಣಿಯ ಯಾವ ವಿಮಾನ ಹೊರಟರೂ ನಮ್ಮ ಅಂಗಳದಲ್ಲಿ ಕ್ಷಣ ನಿಂತು ಹೋಗುತ್ತಿತ್ತು. ನನ್ನ ಮಾವ ಊರಿನ ಹಿರಿಯರು, ಆ ಮರ್ಯಾದೆಗೆ ನಿಲ್ಲುತ್ತದೆ ಎಂದು ತಿಳಿದು ಹೆಮ್ಮೆಯಿಂದ ಹೊಸ್ತಿಲಲ್ಲಿ ಕೈಮುಗಿದು ನಿಲ್ಲುತ್ತಿದ್ದೆ. ಹೆಂಗಸರು ಹೊಸ್ತಿಲಿಂದ ನೋಡುತ್ತೇವೆ, ಹೊರುವುದು ಗಂಡಸರು. ಗಂಡಸರು ಅಲ್ಲಿ ಹೆಗಲು ಬದಲಿಸಿಕೊಂಡು ತಿರುವಿಗೆ ಸಜ್ಜಾಗುತ್ತಿದ್ದರು, ಮರ್ಯಾದೆ ಗಿರ್ಯಾದೆ ಏನೂ ಇರಲಿಲ್ಲ.

"ಗೊತ್ತಿದ್ದೂ ನನಗ ಯಾಕ ಹೇಳಲಿಲ್ರಿ?" ಎಂದೆ.

"ನೀ ಇಷ್ಟು ಆಸೆ ಮಾಡಿದ್ದಿ ಕೋಣಿದು." ತಡೆದರು. "ಅವರಾರ ಹ್ಯಾಂಗ ಹೇಳ್ತಾರ? ಲಕವಾ ಹೊಡದಾಂವನ ಹೆಂಡತಿ ಮುಂದ? ಮೊದಲ ಹೋಗಾಂವ ನಿನ್ನ ಗಂಡ ಅಂದಂಗ ಆಗ್ತೈತಲ್ಲ."

ನಾನು ಅವರ ಬಾಯಿಗೆ ಕೈ ಅಡ್ಡ ಹಿಡಿದೆ. ಓಣಿಯವರು ಬಾಯಿ ಬಿಡದೆ ಕಾಪಾಡಿದ್ದನ್ನು ಇವರೇ ಆಡಿಬಿಟ್ಟಿದ್ದರು. ಸುಳ್ಳು ಹರಕತ್ತುಗಳೆಲ್ಲ ನನ್ನ ಮೇಲಿನ ಅಂತಃಕರಣದಿಂದ ಹುಟ್ಟಿದ್ದವು ಎಂದು ಗೊತ್ತಾದರೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಶತ್ರುಗಳಿದ್ದರೆ ಹೋರಾಡಬಹುದಿತ್ತು. ಈಗ ಇಡೀ ಓಣಿ ಒಳಗೊಳಗೇ ನನ್ನ ಗಂಡನನ್ನು ಹೊತ್ತು ನೋಡಿತ್ತು. ನನಗೆ ಕೋಣೆಯೇ ಬೇಡ, ಅರ್ಜಿ ಹಿಂದೆ ತಗೋತೀನಿ ಎಂದೆ.

"ಹಿಂದ ತಗೊಂಡ್ರ ನಾ ದಿನಾ ಜಾರಿ ಆ ಪಾವಟಿಗಿ ಮ್ಯಾಲ ಕುಂಡ್ರಲೇನು?" ಎಂದರು. ಆಮೇಲೆ ದಲ್ಲಾಳಿಯ ಹಳೆಯ ನಗೆ, ಅರ್ಧ ಮುಖದಲ್ಲಿ ಮಾತ್ರ, ಬಂತು. "ಎಲ್ಲಾರ್ನೂ ಕರಿ. ಗೌಂಡಿನ್ನೂ ಕರಿ. ನಡಸಿ ನೋಡದ ಯಾರರೇ ಎತ್ತು ತಗೋತಾರೇನು?"

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಓಣಿಯ ಗಂಡಸರು ಅಂಗಳಕ್ಕೆ ಬಂದರು. ಗೌಂಡಿ ಚಾಚಾ ನಮ್ಮ ಓಣಿಯವರೇ, ತುದಿಮನೆಯ ಪಕ್ಕದವರು. ಕೋಣೆ ಕಟ್ಟುವ ಕೆಲಸ ಒಪ್ಪಿಕೊಂಡು, ಆಮೇಲೆ ಇವತ್ತು ನಾಳೆ ಎಂದು ತಪ್ಪಿಸಿಕೊಳ್ಳುತ್ತಿದ್ದವರು. ಗೋಡೆಗಳು ಬರುವಲ್ಲಿ ಗೂಟ ಹೊಡೆದು ಎದೆಯೆತ್ತರಕ್ಕೆ ದಾರ ಕಟ್ಟಿ ಎಂದು ನಮ್ಮ ಮನೆಯವರು ಹೇಳಿದರು. ಕಟ್ಟಿದರು. ಎರಡು ಉದ್ದನೆಯ ಬಿದಿರು ತನ್ನಿ ಎಂದರು. ತಂದರು. ಒಂದು ಮರದ ಕುರ್ಚಿಯನ್ನು ಬಿದಿರಿಗೆ ಬಿಗಿಸಿ ಎಂದಾಗ ಎಲ್ಲರ ಕೈ ನಿಂತಿತು.

"ಏನ್ ಮಾಡಾಕತ್ತಿ ಲೇ?" ಎಂದರು ಅಣ್ಣಾರು.

"ನಾ ಕುಂದರ್ತೀನಿ. ನೀವು ಹೊತ್ತು ಹೊಳ್ಳಿಸ್ರಿ. ಎಲ್ಲಿ ತಾಗತೈತಿ ಅನ್ನೂದು ಗೊತ್ತಾಗ್ಲಿ."

"ಥೂ, ಬಿಡ್ತು ಅನ್ನು!" ನಾನು ಕಿರುಚಿದೆ. ಗಂಡನಿಗೆ ಏಕವಚನದಲ್ಲಿ ಮಾತಾಡಿದ್ದು ಆಮೇಲೆ ನೆನಪಾಯಿತು. "ಜೀವಂತ ಮನಿಷ್ಯಾನ್ನ ಯಾರರೇ ಹಂಗ ಹೊರ್ತಾರೇನ್ರಿ? ಬೇಕಂದ್ರ ಚೀಲ ಇಡ್ರಿ, ಕಲ್ಲು ಇಡ್ರಿ. ಇವರ್ನ ಇಡಬ್ಯಾಡ್ರಿ."

ಅಣ್ಣಾರು ಟೊಪ್ಪಿಗೆ ತೆಗೆದು ನೆಲಕ್ಕೆ ಬಡಿದರು. "ನನ್ನಿಂದ ಆಗೂದಿಲ್ಲೋ ದೋಸ್ತ."

"ದಿನಾ ಎರಡು ಸಲ ಹೊರ್ತಿ. ಇದು ಮೂರನೇದು," ಎಂದರು ಇವರು. "ಹೊರು. ನನಗ ಗೋಡಿ ಹಿಡದು ಸಂಡಾಸಕ್ಕ ಹೋಗೂದೈತಿ. ಓಣ್ಯಾವರಿಗೂ ಈ ಮೂಲಿ ದಾಟಿ ಹೋಗೂದು ತಪ್ಪಬಾರದು. ನನಗೂ ತಪ್ಪಬಾರದು."

ಕುರ್ಚಿ ಬಿಗಿದರು. ನಾನು ಇವರ ಸೊಂಟಕ್ಕೆ ನನ್ನದೇ ಹಳೆಯ ಸೀರೆ ಕಟ್ಟಿ ಕುರ್ಚಿಗೆ ಗಂಟು ಹಾಕಿದೆ, ಬಿದ್ದರೆ ಡಾಕ್ಟರ ಮಾತು ನಿಜವಾಗಿಬಿಡುತ್ತದೆಂದು. ಎರಡು ಗಂಟು ಹಾಕಿದರೂ ಸಾಲದೆಂದು ಮತ್ತೊಂದು ಹಾಕಿದೆ. ಓಣಿಯ ಒಳಗಿನಿಂದ ಎತ್ತಿಕೊಂಡು ಬಂದರು. ಮುಂದಿನ ಬಿದಿರಿಗೆ ಅಣ್ಣಾರ ಹೆಗಲು. ಬಾಗಿಲು ಬಾಗಿಲಲ್ಲಿ ಹೆಂಗಸರು ತಮಗೆ ಗೊತ್ತಿಲ್ಲದಂತೆ ತಲೆ ಮೇಲೆ ಸೆರಗು ಎಳೆದುಕೊಂಡರು. ಹಿಂದೆ ಹೊತ್ತವನೊಬ್ಬ ರೂಢಿಯ ಮೇಲೆ "ಹರ ಹರ" ಎಂದುಬಿಟ್ಟ. ಪಕ್ಕದವನು ಅವನ ಬೆನ್ನಿಗೆ ಗುದ್ದಿದ. ಕುರ್ಚಿಯ ಮೇಲಿನವರು ನಕ್ಕರು, ಆ ನಗೆಗೆ ಎಲ್ಲರೂ ನಕ್ಕರು, ನಾನೊಬ್ಬಳು ಬಿಟ್ಟು. ಯಾರ ಹೆಜ್ಜೆ ತಪ್ಪೀತು, ಯಾರು ಎಡವಿಯಾರು ಎಂದು ನಾನು ಕುರ್ಚಿಯ ಪಕ್ಕದಲ್ಲೇ ಕೈಚಾಚಿಕೊಂಡು ಓಡುತ್ತಿದ್ದೆ.

ತಿರುವಿನಲ್ಲಿ ಅಣ್ಣಾರು ಹೆಗಲು ಓರೆ ಮಾಡಿ ಹೊರಳಿದರು. ಬಿದಿರಿನ ತುದಿ ದಾರಕ್ಕೆ ತಾಗಿತು. ದಾರ ಬಿಗಿದು, ಮೂಲೆಯ ಗೂಟ ಕಿತ್ತು ಬಂತು. ಅದು ಗೋಡೆಯಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಎಲ್ಲರೂ ಕಂಡರು. ಎಲ್ಲರೂ ಕುರ್ಚಿ ಹೊತ್ತುಕೊಂಡೇ ನಿಂತರು, ಹಿಂದೆ ಸರಿಯಲು ಒಬ್ಬರಿಗೂ ಧೈರ್ಯವಾಗಲಿಲ್ಲ.

ಗೌಂಡಿ ಚಾಚಾ ಮುಂದೆ ಬಂದರು. "ನಿಮ್ಮದು ಕುಂತು ಹೋಗೂದು, ಎತ್ತರ. ನಮ್ಮದು ಮಲಗಿ ಹೋಗೂದು, ಉದ್ದ. ಇಬ್ರಿಗೂ ಇದಽ ಮೂಲಿ ಅಡ್ಡ ಬರ್ತೈತ್ರಿ," ಎಂದರು. ಕಿತ್ತುಬಂದ ಗೂಟವನ್ನು ಎತ್ತಿಕೊಂಡು ಒಳಕ್ಕೆ ಒಂದು ಕಡೆ, ಇನ್ನೊಂದು ಗೂಟವನ್ನು ಆಚೆಗೆ ಹೊಡೆದು ಮೂಲೆಯನ್ನು ಓರೆಯಾಗಿ ಕತ್ತರಿಸಿ ದಾರ ಕಟ್ಟಿದರು. "ಹಿಂಗ ಓರೆ ಗ್ವಾಡಿ ಹಿಡೀತೀನಿ ಅಕ್ಕಾರ. ಮ್ಯಾಲ ಈ ಕಡಿ ಸಜ್ಜಾ ಬ್ಯಾಡ. ಮಂಚಕ್ಕ ಜಾಗ ಕಡಿಮಿ ಆಗ್ತೈತಿ, ಆದ್ರ ಸಂಡಾಸದ ತನಕ ಕೈಗಿ ಗ್ವಾಡಿ ಸಿಗತೈತಿ."

ಹೊತ್ತವರು ಮುಂದೆ ನಡೆದರು. ಬಿದಿರು ಹೊಸ ದಾರವನ್ನು ಮುಟ್ಟದೆ ಹೊರಳಿತು. ತಿರುವು ದಾಟಿದ ಮೇಲೆ ಅಣ್ಣಾರು ಸ್ಮಶಾನದ ದಾರಿಯ ಕಡೆ ಒಂದು ಹೆಜ್ಜೆಯನ್ನೂ ಇಡದೆ, ಕುರ್ಚಿಯನ್ನು ನೇರ ನಮ್ಮ ಮೆಟ್ಟಿಲು ಹತ್ತಿಸಿ ಮನೆಯೊಳಗೇ ತಂದು ಇಳಿಸಿದರು. ನಾನು ಹಾಕಿದ ಗಂಟು ಬಿಚ್ಚಲು ಬಾರದೆ ಕುಡುಗೋಲಿನಿಂದ ಕೊಯ್ಯಬೇಕಾಯಿತು. ಆ ವಾರವೆಲ್ಲ ನಾನು ದೃಷ್ಟಿ ತೆಗೆದದ್ದೇ ತೆಗೆದದ್ದು.

ಮುಂದಿನ ಸಭೆಯಲ್ಲಿ ಹರಕತ್ತು ಇಲ್ಲ ಎಂದು ಅಣ್ಣಾರೇ ಮೊದಲು ಎದ್ದು ಹೇಳಿದರು. ಅದೂ ಮರಾಠಿಯಲ್ಲೇ. ಕಾರಣವೇನೆಂದು ಗ್ರಾಮಸೇವಕರು ಕೇಳಿದರೆ, ಇಂಗುಗುಂಡಿ ತೋಡುತ್ತಾರಂತೆ ಎಂದರು. ಜತ್ತದಿಂದ ಪರವಾನಗಿ ಬಂತು. ಗೌಂಡಿ ಚಾಚಾ ಇವತ್ತು ನಾಳೆ ಅನ್ನದೆ ಕಟ್ಟಿ ಮುಗಿಸಿದರು. ಮಂಚ ಅಡ್ಡ ಹಾಕಲು ಬರದೆ ಉದ್ದಕ್ಕೆ ಹಾಕಿದೆವು. ಅದರಿಂದ ನನಗೆ ಅಲ್ಲಿ ಕೆಳಗೆ ಹಾಸಿಕೊಳ್ಳಲು ಜಾಗ ಉಳಿಯಲಿಲ್ಲ, ನಾನು ಒಳಗೆ ಗಿರಣಿಯ ಪಕ್ಕ ಮಲಗುತ್ತೇನೆ. ಇವರು ಬಲಗೈಯನ್ನು ಓರೆ ಗೋಡೆಗೆ ಕೊಟ್ಟು, ಎಡಗಾಲು ಎಳೆಯುತ್ತ ಹೋಗಿ ಬರುವುದನ್ನು ಕಲಿತರು. ಆದರೆ ನಾನು ಪಕ್ಕದಲ್ಲಿ ಇರಲೇಬೇಕು, ಎಡ ರಟ್ಟೆ ಹಿಡಿದಿರಲೇಬೇಕು. ಬಿಡುವ ಧೈರ್ಯ ಅವರಿಗೆ ಬಂದಿತ್ತೋ ಏನೋ, ನನಗೆ ಬಂದಿರಲಿಲ್ಲ.

ಮೊನ್ನೆ ತುದಿಮನೆಯ ಮುದುಕಿ ಹೋದರು. ವಿಮಾನ ಹೊರಡುವ ಹೊತ್ತಾದಾಗ ನಾನು ಇವರ ಮಂಚದ ಹತ್ತಿರ ಹೋಗಿ ಕಿಟಕಿ ಮುಚ್ಚಿದೆ. "ನೋಡಬ್ಯಾಡ್ರಿ. ಸುಮ್ಮ ಕುಂದ್ರಿ," ಎಂದೆ. ಅವರು ಹೂಂ ಎಂದರು. ನಾನು ರೂಢಿಯಂತೆ ಕೈಮುಗಿಯಲು ಹೊಸ್ತಿಲಿಗೆ ಬಂದೆ.

ತಾಳ, ಡೋಲು ಹತ್ತಿರ ಬಂದವು. ಬಾಳೆಕಂಬ, ಹಸಿರು ಸೀರೆಯ ಗೋಪುರ, ಅದರೊಳಗೆ ಮಗುವಿನಷ್ಟಾಗಿ ಕುಳಿತ ಮುದುಕಿ. ಮುಂದಿನ ಗಳಕ್ಕೆ ಅಣ್ಣಾರು ಹೆಗಲು ಕೊಟ್ಟಿದ್ದರು. ತಿರುವಿನಲ್ಲಿ ಉಸಿರು ಬಿಗಿಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ಗಳ ಓರೆ ಗೋಡೆಯ ಪಕ್ಕದಲ್ಲಿ ಗೇಣಿನಷ್ಟು ಬಿಟ್ಟು ಸಲೀಸಾಗಿ ಹೊರಳಿತು. ಅಣ್ಣಾರ ಮುಖ ಅರಳಿತು. ಸಾವಿನ ಮುಂದೆ ನಗಬಾರದೆಂಬುದನ್ನೂ ಮರೆತು, ನಮ್ಮ ಕಿಟಕಿಯ ಕಡೆ ತಿರುಗಿ ಕೂಗಿದರು: "ಹೊಳ್ಳಿತಲೇ ದೋಸ್ತ! ಎಲ್ಲೂ ತಾಗಲಿಲ್ಲ ನೋಡು!"

ನಾನು ಮುಚ್ಚಿದ್ದ ಕಿಟಕಿ ತೆರೆದಿತ್ತು. ಅದರಲ್ಲಿ ನಮ್ಮ ಮನೆಯವರು ನಿಂತಿದ್ದರು. ಮಂಚದಿಂದ ಕಿಟಕಿಯವರೆಗೆ ಯಾರ ಕೈಯನ್ನೂ ಹಿಡಿಯದೆ ತಾವೇ ನಡೆದು ಬಂದಿದ್ದರು, ಬಲಗೈ ಓರೆ ಗೋಡೆಯ ಮೇಲಿತ್ತು. ಅವರು ಗೆಳೆಯನ ಕಡೆ ನೋಡಿ, ಒಪ್ಪಿತು ಎಂಬಂತೆ ತಲೆ ಆಡಿಸಿದರು.

ಲಕವಾ ಹೊಡೆದ ಮೇಲೆ ಅವರು ಒಬ್ಬರೇ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕುಣಿದಾಡಬೇಕಾಗಿತ್ತು. ನಾನು ಹೊಸ್ತಿಲ ಚೌಕಟ್ಟು ಹಿಡಿದುಕೊಂಡು ಓಣಿಯ ಎಲ್ಲರ ಮುಂದೆ ಗಟ್ಟಿಯಾಗಿ ಅತ್ತುಬಿಟ್ಟೆ. ಹೋದ ಮುದುಕಿಗಾಗಿ ಅಳುತ್ತಿದ್ದೇನೆಂದು ತಿಳಿದು ತುದಿಮನೆಯ ಅಕ್ಕ ಬಂದು ನನ್ನನ್ನು ತಬ್ಬಿಕೊಂಡಳು.